ಸಂತನ ಪೆಟ್ಟಿಗೆಗೆ ಕೊಟ್ಟ ಹೆಗಲು

ಸ್ವರ್ಗಾರೋಹಣದ ಹಬ್ಬದ ಬೆಳಿಗ್ಗೆ ನಾನು ದೊಡ್ಡ ಇಗರ್ಜಿಗೆ ಹೊರಟದ್ದು ಪ್ರಾರ್ಥನೆ ಮಾಡುವುದಕ್ಕಲ್ಲ, ಮಾಹಿಯೆಯನ್ನು ಕೊಲ್ಲುವುದಕ್ಕೆ. ಕುರಿ ಸುಲಿಯುವ ಚೂರಿಯನ್ನು ಹಿಂದಿನ ದಿನವೇ ಮಸೆದು, ಬಟ್ಟೆ ಸುತ್ತಿ, ಮೇಲಂಗಿಯ ತೋಳಿನೊಳಗೆ ಸೇರಿಸಿಕೊಂಡಿದ್ದೆ. ದೇವರ ಮನೆಯಲ್ಲಿ ರಕ್ತ ಚೆಲ್ಲಿದವರಿಗೆ ನರಕವೇ ಗತಿ ಎಂದು ನನಗೂ ಗೊತ್ತು. ಹೋಗಲಿ, ಅಲ್ಲಿಯೂ ಮಾಂಸ ಕಡಿಯುವವರು ಬೇಕಾಗಬಹುದು ಎಂದುಕೊಂಡೆ.

ನನ್ನ ಹೆಸರು ಪೆರೀನ್. ನಾರ್ಮಂಡಿಯ ಈ ಊರಿನ ಕಸಾಯಿಗಳ ಬೀದಿಯಲ್ಲಿ ನನ್ನದೊಂದು ಅಂಗಡಿ. ಎತ್ತನ್ನು ಒಂದೇ ಏಟಿಗೆ ಕೆಡವುತ್ತೇನೆ ಎಂದು ಜನ ಹೇಳುತ್ತಾರೆ. ಸುಳ್ಳು, ಎರಡು ಬೇಕು. ಗಂಡ ಸತ್ತ ಮೇಲೂ ಕೊಡಲಿ ಕೆಳಗಿಡದೆ ಇಬ್ಬರು ಗಂಡುಮಕ್ಕಳನ್ನು ಸಾಕಿದೆ. ದೊಡ್ಡವನು ತೂಸಾನ್, ಮೆತ್ತಗಿನವನು. ಕಳೆದ ಚಳಿಗಾಲದಲ್ಲಿ ನೇಕಾರರ ಮನೆಯ ಇಜಾಬೋಳನ್ನು ಮದುವೆಯಾದ. ಚಿಕ್ಕವನು ರೌಲಿನ್. ಅವನ ಬಗ್ಗೆ ಏನು ಹೇಳಲಿ? ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಹೋರಿಯ ಕುತ್ತಿಗೆ, ಬಾಯಿ ತೆರೆದರೆ ಬೈಗುಳ, ಇಲ್ಲವೆ ನಗು. ಅವನು ಅಂಗಡಿಗೆ ಕಾಲಿಟ್ಟರೆ ಕೊಕ್ಕೆಗೆ ನೇತುಹಾಕಿದ ಹಂದಿಗೂ ಜೀವ ಬಂದಂತಾಗುತ್ತಿತ್ತು. ಆ ಮಗನನ್ನು ಮಾಹಿಯೆ ಕೊಂದ.

ಕೊಂದದ್ದು ಚೆಂಡಾಟದ ದಿನ. ಈಸ್ಟರಿಗೆ ಮುಂಚಿನ ಉಪವಾಸದ ತಪಸ್ಸಿನ ಕಾಲ ಹಿಡಿಯುವುದಕ್ಕೆ ಹಿಂದಿನ ಮಂಗಳವಾರ ನಮ್ಮೂರಿನಲ್ಲಿ ಮದುವೆಯಾದ ಗಂಡಸರಿಗೂ ಆಗದವರಿಗೂ ಆಟ. ತವುಡು ತುಂಬಿದ ಚರ್ಮದ ಚೆಂಡನ್ನು ಆ ವರ್ಷದ ಹೊಸ ಮದುಮಗ ಇಗರ್ಜಿಯ ಮೆಟ್ಟಿಲ ಮೇಲಿಂದ ಎಸೆಯಬೇಕು. ಮದುವೆಯಾದವರು ಅದನ್ನು ನದಿಗೆ ಹಾಕಿದರೆ ಗೆದ್ದಂತೆ, ಆಗದವರು ಕೋಟೆಬಾಗಿಲು ದಾಟಿಸಿದರೆ ಗೆದ್ದಂತೆ. ನಡುವೆ ನಿಯಮವೆಂಬುದಿಲ್ಲ. ಹಲ್ಲು ಹೋಗುತ್ತದೆ, ಪಕ್ಕೆಲುಬು ಹೋಗುತ್ತದೆ, ಒಂದೊಂದು ವರ್ಷ ಜೀವವೂ ಹೋಗುತ್ತದೆ. ಚೆಂಡು ಆಟದಲ್ಲಿರುವಾಗ ಬಿದ್ದ ಏಟಿಗೆ ಯಾರೂ ಯಾರನ್ನೂ ಕೇಳುವ ಹಾಗಿಲ್ಲ. ಚೆಂಡು ಹೋದ ಮೇಲೆ ಹೊಡೆದರೆ ಮಾತ್ರ ಅದು ಕೊಲೆ. ಕಂಠಮಟ್ಟ ಕುಡಿದವನೂ ಈ ಗೆರೆ ದಾಟುವುದಿಲ್ಲ.

ಈ ಸಲ ಚೆಂಡು ಎಸೆದವನು ನನ್ನ ತೂಸಾನ್. ಪೀಪಾಯಿ ಮಾಡುವ ಮಾಹಿಯೆ ಅವನ ಪಕ್ಷದವನು, ಚಿಕ್ಕಂದಿನಿಂದ ಗೆಳೆಯ. ರೌಲಿನ್ ಎದುರು ಪಕ್ಷ. ನದಿಯ ದಡದ ಕೆಸರಿನಲ್ಲಿ ಗಂಡಸರೆಲ್ಲ ಒಬ್ಬರ ಮೇಲೊಬ್ಬರು ರಾಶಿ ಬಿದ್ದು ಗುದ್ದಾಡಿದರು. ಚೆಂಡು ನೀರಿಗೆ ಬಿತ್ತು, ಮದುವೆಯಾದವರು ಕೇಕೆ ಹಾಕಿದರು, ಅದು ತೇಲಿ ಹೋಯಿತು. ಆಮೇಲೂ ಮಾಹಿಯೆ ದೋಣಿ ಕಟ್ಟುವ ಗೂಟದಿಂದ ರೌಲಿನ್‌ನ ತಲೆಗೆ ಹೊಡೆಯುತ್ತಲೇ ಇದ್ದದ್ದನ್ನು ದೋಣಿಯವರು ಕಂಡರು. ಹಿಂದಿನಿಂದ ಯಾರೋ ಒಬ್ಬ ರೌಲಿನ್‌ನ ತೋಳುಗಳನ್ನು ಹಿಡಿದುಕೊಂಡಿದ್ದನಂತೆ. ಯಾರೆಂದು ಹೇಳಲಾಗಲಿಲ್ಲ, ಕೆಸರಿನಲ್ಲಿ ಎಲ್ಲರದೂ ಒಂದೇ ಬಣ್ಣ.

ನಾನು ಓಡಿ ಹೋಗುವಷ್ಟರಲ್ಲಿ ಮಗನಿಗೆ ಮುಖವೇ ಉಳಿದಿರಲಿಲ್ಲ. ಕೈಯ ಮೇಲಿನ ಸುಟ್ಟ ಕಲೆಯಿಂದ ಗುರುತು ಹಿಡಿದೆ. ಇಷ್ಟು ವರ್ಷ ಎಷ್ಟೋ ತಲೆಗಳನ್ನು ಸೀಳಿದವಳು ನಾನು, ಒಳಗೆ ಏನಿರುತ್ತದೆ ಎಂದು ಬಲ್ಲೆ. ಆದರೂ ಆವತ್ತು ಕೆಸರಿನಲ್ಲಿ ಕೂತು, ಹೊರಗೆ ಚೆಲ್ಲಿದ್ದನ್ನೆಲ್ಲ ಬೊಗಸೆಯಲ್ಲಿ ತುಂಬಿ ಮತ್ತೆ ಒಳಗೆ ಸೇರಿಸಲು ನೋಡಿದೆನಂತೆ. ನನಗೆ ನೆನಪಿಲ್ಲ. ಇಜಾಬೋ ಹೇಳಿದಳು.

ಕೊತ್ವಾಲನ ಆಳುಗಳು ಮಾಹಿಯೆಯನ್ನು ಹಿಡಿದರು. ತೋಳು ಹಿಡಿದವನ ಹೆಸರು ಹೇಳು ಎಂದು ಅವನ ಮೊಣಕಾಲುಗಳಿಗೆ ಹಲಗೆ ಬಿಗಿದು ಬೆಣೆ ಹೊಡೆದರು. ಮೂಳೆ ಬಿರಿಯಿತೇ ಹೊರತು ಹೆಸರು ಬರಲಿಲ್ಲ. ನೇಣು ಎಂದು ತೀರ್ಪಾಯಿತು. ನನಗೆ ಹೊಟ್ಟೆ ತಣ್ಣಗಾಯಿತು ಎಂದು ಬಾಯಿಬಿಟ್ಟೇ ಹೇಳುತ್ತೇನೆ.

ಆದರೆ ನಮ್ಮ ಊರಿನ ಸಂತ ಗೊಂಡ್ರಿಗೆ ಒಂದು ಹಕ್ಕಿದೆ. ವರ್ಷಕ್ಕೊಮ್ಮೆ, ಸ್ವರ್ಗಾರೋಹಣದ ಹಬ್ಬದಂದು, ನೇಣಿಗೆ ಹೋಗುವವರಲ್ಲಿ ಒಬ್ಬನನ್ನು ಇಗರ್ಜಿಯ ಪಾದ್ರಿಗಳು ಆರಿಸಿ ಬಿಡಿಸಬಹುದು. ರಾಜನೇ ಬಂದರೂ ಬೇಡವೆನ್ನುವ ಹಾಗಿಲ್ಲ. ಆರಿಸಿದವನು ಸಂತನ ಮೂಳೆಗಳಿರುವ ಚಿನ್ನದ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಮಾಡಿದ್ದೆಲ್ಲವನ್ನೂ ಊರಿನೆದುರು ಬಾಯಾರೆ ಹೇಳಬೇಕು. ಜೊತೆಗಿದ್ದವರ ಹೆಸರನ್ನೂ ಹೇಳಬೇಕು. ಆಮೇಲೆ ಪೆಟ್ಟಿಗೆಯನ್ನು ಮೂರು ಸಲ ಹೆಗಲಿಗೆತ್ತಬೇಕು. ಎತ್ತಿದರೆ ಅವನೂ ಬಿಡುಗಡೆ, ಅವನು ಹೆಸರು ಹೇಳಿದವರೂ ಬಿಡುಗಡೆ. ಒಂದು ಮಾತು ಮುಚ್ಚಿಟ್ಟರೆ, ಒಂದು ಸಲ ಎತ್ತಲಾಗದಿದ್ದರೆ, ಹೊರಗಿನ ಚೌಕದಲ್ಲಿ ನೇಣುಗಂಬ ಸಿದ್ಧವಾಗಿರುತ್ತದೆ. ಎತ್ತಲಾರದವನಿಗೆ ಯಾರೂ ಕೈ ಹಚ್ಚುವಂತಿಲ್ಲ, ಸತ್ತವನ ಮನೆಯವರೊಬ್ಬರ ಹೊರತು. ಈ ಮಾತು ಬಂದಾಗಲೆಲ್ಲ ಹೆಂಡದಂಗಡಿಯಲ್ಲಿ ನಗೆ ಏಳುತ್ತಿತ್ತು. ಕೊಂದವನಿಗೆ ಹೆಗಲು ಕೊಡುವ ಮಹಾತಾಯಿ ಯಾವಳಪ್ಪ ಎಂದು.

ಈ ವರ್ಷ ಪಾದ್ರಿಗಳು ಆರಿಸಿದ್ದು ಮಾಹಿಯೆಯನ್ನು. ಅವನ ಚಿಕ್ಕಪ್ಪ ಅವರ ದ್ರಾಕ್ಷಾರಸಕ್ಕೆ ಪೀಪಾಯಿ ಮಾಡಿಕೊಡುತ್ತಾನೆ ಎಂದಷ್ಟೇ ಹೇಳುತ್ತೇನೆ, ಉಳಿದದ್ದನ್ನು ನೀವೇ ತಿಳಿದುಕೊಳ್ಳಿ.

ಹೊರಡುವಾಗ ಇಜಾಬೋ ಬಾಗಿಲಿಗೆ ಅಡ್ಡ ನಿಂತಳು.

"ಬೇಡ ಅತ್ತೆ. ಮನೇಲೇ ಇರಿ. ಬೋಟಿ ಬೇಯಿಸ್ತೀನಿ, ಮೂರೂ ಜನ ಉಣ್ಣೋಣ."

"ನಿನ್ನ ಬೋಟಿ ತಿಂದು ಸಾಯೋದಕ್ಕಿಂತ ನೇಣಿಗೆ ಹೋಗೋದೇ ವಾಸಿ. ಸರ್ಕೋ ಆ ಕಡೆ."

ತೂಸಾನ್ ಬೂಟಿನ ದಾರ ಕಟ್ಟುತ್ತಿದ್ದ. ಕಟ್ಟಿದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ. "ಬಾಗಿಲಲ್ಲೇ ಮುಗಿಸ್ಬಿಡು ಅವ್ವಾ. ಅವನನ್ನ ಒಳಗೆ ಹೋಗೋಕೇ ಬಿಡ್ಬೇಡ," ಎಂದ.

"ಯಾಕೆ? ಮೂರ್ನೇ ಸಲ ಪೆಟ್ಟಿಗೆ ಎತ್ತಿದಾಗ ಎರಡು ಕೈಯೂ ಮೇಲಿರ್ತವೆ, ಪಕ್ಕೆ ಬಯಲಾಗಿರ್ತದೆ. ಅಲ್ಲೇ ಹಾಕ್ತೀನಿ. ಸಂತನೂ ನೋಡ್ಲಿ."

"ಅಲ್ಲೀತನಕ ಯಾಕ್ ಕಾಯ್ಬೇಕು? ಅವನು ಬೊಗಳೋದನ್ನ ಕೇಳ್ಬೇಕಾ ನೀನು?"

"ಕೇಳ್ಬೇಕು ಕಣೋ. ತೋಳು ಹಿಡ್ದವನು ಯಾರು ಅಂತ ಅವನ ಬಾಯಿಂದ್ಲೇ ಬರ್ಬೇಕು. ಒಂದೇ ಚೂರಿ ಇಬ್ಬರಿಗೂ ಸಾಕಾಗ್ತದೆ."

ಅವನು ಮುಖ ಎತ್ತಲಿಲ್ಲ. ಮೆತ್ತಗಿನ ಹುಡುಗ, ತಮ್ಮನಿಗಾಗಿ ಕೊಲೆಗೂ ಸಿದ್ಧನಾಗಿ ನಿಂತಿದ್ದಾನಲ್ಲ ಎಂದು ನನಗೆ ಹೆಮ್ಮೆಯಾಯಿತು. ಬೆನ್ನು ತಟ್ಟಿ ಎಬ್ಬಿಸಿದೆ. ಮೂವರೂ ಹೊರಟೆವು.

ಚೌಕದಲ್ಲಿ ಜನ ಜಾತ್ರೆ. ಇಗರ್ಜಿಯ ಮುಂಗೋಡೆಯ ಮೇಲೆ ಸಾಲಾಗಿ ನಿಂತ ಕಲ್ಲಿನ ಸಂತರ ಹೆಗಲಿಗೆ ಹುಡುಗರು ಹತ್ತಿ ಕೂತಿದ್ದರು. ಬೆಳಗಿನ ಜಾವ ಬಂದ ಮಳೆಯ ನೀರನ್ನು ಮಾಡಿನ ನೀರು ಹಾಯಿಸಲು ಕೆತ್ತಿದ ಕಲ್ಲು ಭೂತಗಳು ಇನ್ನೂ ಉಗುಳುತ್ತಿದ್ದವು. ಅದರಲ್ಲೊಂದು ಭೂತ ಥೇಟ್ ನನ್ನ ಅತ್ತೆಯ ಮುಖ. ಬದುಕಿದ್ದಾಗ ನನ್ನ ಮೇಲೆ ಎಷ್ಟು ಉಗುಳಿದ್ದಳೋ, ಸತ್ತ ಮೇಲೂ ಬಿಡಲಿಲ್ಲ. ಅದರ ಕೆಳಗೆ ಹಾಯುವಾಗ ನನ್ನ ಕುತ್ತಿಗೆಗೆ ತಣ್ಣಗೆ ಸುರಿಯಿತು.

ಮೀನು ಮಾರುವ ದೆನೀಜ್ ನನ್ನನ್ನು ಕಂಡು ಹಲ್ಲು ಕಿರಿದಳು. "ಏನ್ ಪೆರೀನಕ್ಕಾ! ದೇವರಿಗೂ ಕೊನೆಗೆ ನಿಮ್ಮ ದರ್ಶನ ಭಾಗ್ಯ ಸಿಕ್ತಲ್ಲ!"

"ನಿನ್ನ ಮೀನಿನ ನಾತ ಇಷ್ಟು ವರ್ಷ ತಡ್ಕೊಂಡಿದ್ದಾನೆ, ನನ್ನನ್ನೂ ಒಂದಿನ ತಡ್ಕೋತಾನೆ ಬಿಡೇ."

ಅವಳು ನಕ್ಕಳು. ಆಮೇಲೆ ನನ್ನ ಮುಖ ಸರಿಯಾಗಿ ನೋಡಿ ನಗು ನಿಲ್ಲಿಸಿ ದಾರಿ ಬಿಟ್ಟಳು.

ಮಾಹಿಯೆಯನ್ನು ಕುರ್ಚಿಯಲ್ಲಿ ಹೊತ್ತು ತಂದರು. ಎಣ್ಣೆ ಕಾಣದ ಗಡ್ಡ, ಹಳದಿ ಮುಖ, ಬಟ್ಟೆ ಸುತ್ತಿದ ಕಾಲುಗಳು. ಬಾಗಿಲಲ್ಲಿ ನನಗೂ ಅವನಿಗೂ ಎರಡು ಮಾರು ದೂರ. "ಈಗ ಅವ್ವಾ, ಈಗ," ಎಂದು ತೂಸಾನ್ ಕಿವಿಯಲ್ಲಿ ಉಸುರಿದ. ನಾನು ಕದಲಲಿಲ್ಲ. ಅವನು ನನ್ನ ತೋಳಿನೊಳಗೆ ಕೈ ತೂರಿಸಿ ಚೂರಿಯ ಹಿಡಿಗೇ ಕೈ ಹಾಕಿದ. ಮೊಣಕೈಯಿಂದ ಅವನ ಪಕ್ಕೆಗೆ ಒಂದು ಬಿಗಿದೆ. ಉಸಿರು ಕಟ್ಟಿ ಬಾಗಿದ.

"ನಿಂಗ್ಯಾಕೋ ಇಷ್ಟು ಅವಸರ? ಹೆತ್ತವಳು ನಾನಾ ನೀನಾ?" ಎಂದು ಗದರಿಸಿ, ಅವನ ಕುತ್ತಿಗೆಪಟ್ಟಿ ಹಿಡಿದು ಒಳಗೆಳೆದುಕೊಂಡು ಹೋದೆ. ಇಜಾಬೋ ಹಿಂದಿನಿಂದ ಅಳುತ್ತಾ ಬಂದಳು.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಮೊಣಕೈ ನನ್ನದು ಸಣ್ಣದಲ್ಲ. ಕಂಬಗಳ ಸಾಲು ಹಿಡಿದು ಜನರನ್ನು ತಳ್ಳಿಕೊಂಡು ಮುಂದಕ್ಕೆ ಹೋದೆ. ಬಣ್ಣದ ಗಾಜಿನ ಮೂಲಕ ಬಿದ್ದ ಬಿಸಿಲು ಜನರ ತಲೆಗಳ ಮೇಲೆ ಕೆಂಪಗೆ, ನೀಲಿಯಾಗಿ ಹರಡಿತ್ತು. ಆ ಗಾಜಿಗೆ ಕಸಾಯಿಗಳ ಸಂಘವೂ ದುಡ್ಡು ಕೊಟ್ಟಿದೆ. ಒಂದು ಮೂಲೆಯಲ್ಲಿ ನಮ್ಮವನೊಬ್ಬ ಕರು ಕಡಿಯುತ್ತಿರುವ ಚಿತ್ರವಿದೆ. ಬಲಿಪೀಠದ ಮುಂದೆ ಸಂತನ ಪೆಟ್ಟಿಗೆ ಇಟ್ಟಿದ್ದರು. ಒಂದು ಪಕ್ಕ ಪಾದ್ರಿಗಳು, ಇನ್ನೊಂದು ಪಕ್ಕ ಕೊತ್ವಾಲ ಮತ್ತು ಅವನ ಆಳುಗಳು, ಹಗ್ಗ ಸಮೇತ. ಕೊತ್ವಾಲನಿಗೆ ಈ ಹಬ್ಬವೆಂದರೆ ಆಗುವುದಿಲ್ಲ. ಊಟದ ತಟ್ಟೆಯಿಂದ ತುಂಡು ಕಿತ್ತುಕೊಂಡ ಹಾಗೆ ಅವನಿಗೆ.

ಹಿರಿಯ ಪಾದ್ರಿ ಕೈಯೆತ್ತಿದ. ಗದ್ದಲ ಅಡಗಿತು.

"ಮಾಹಿಯೆ, ಸಂತನ ಮೇಲೆ ಕೈ ಇಡು. ಮಾಡಿದ್ದನ್ನ ಹೇಳು. ಬಚ್ಚಿಟ್ಟರೆ ನಿನ್ನ ಕೊರಳಿಗೆ ನೀನೇ ಹೊಣೆ."

ಮಾಹಿಯೆ ಕುರ್ಚಿಯಿಂದ ಇಳಿದು, ತೆವಳಿ ಬಂದು, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. "ರೌಲಿನ್‌ನ ಕೊಂದವನು ನಾನೇ ಸ್ವಾಮಿ. ಗೂಟದಿಂದ ಹೊಡ್ದೆ. ಮೊದಲ ಏಟು ಚೆಂಡಿಗೋಸ್ಕರ. ಉಳಿದವು ಚೆಂಡು ಹೋದ ಮೇಲೆ."

"ಜೊತೆಗೆ ಯಾರಿದ್ರು?"

ಅವನು ಜನರನ್ನು ನೋಡಿದ. ಹುಡುಕಿದ. ನನ್ನ ಮೇಲೆ ಕಣ್ಣು ನಿಂತಿತು. ಅಲ್ಲ, ನನ್ನ ಪಕ್ಕದವನ ಮೇಲೆ.

"ತೂಸಾನ್. ಅವನ ಅಣ್ಣ."

ಯಾರೋ ನನ್ನ ಕಿವಿಯೊಳಗೆ ಕೂಗಿದಂತಾಯಿತು. ಯಾರೂ ಕೂಗಿರಲಿಲ್ಲ.

"ತೋಳು ಹಿಡ್ದಿದ್ದು ಅವನು," ಮಾಹಿಯೆ ಹೇಳುತ್ತಾ ಹೋದ. "ಚೆಂಡು ಹೋಯ್ತು, ಬಿಡೋ ಅಂದೆ. 'ಇನ್ನೊಂದು ಹಾಕು' ಅಂದ. ಹಾಕ್ದೆ. 'ಇನ್ನೊಂದು' ಅಂದ. ಕುಡ್ದಿದ್ವಿ ಸ್ವಾಮಿ. ಅವನು ಬಿಡ್ಲಿಲ್ಲ, ನಾನು ನಿಲ್ಲಿಸ್ಲಿಲ್ಲ. ಅಷ್ಟೇ."

"ಸುಳ್ಳು!" ಎಂದು ತೂಸಾನ್ ಅರಚಿದ.

"ಕೈ ಎಲ್ಲಿದೆ ನೋಡು ತೂಸಾನ್. ಬೆಣೆ ಹೊಡ್ದಾಗ ನಿನ್ನ ಹೆಸರು ಹೇಳ್ಲಿಲ್ಲ. ಇಲ್ಲಿ ಹೇಳ್ದಿದ್ರೆ ನಾನು ಹೋಗ್ತೀನಿ. ಹೇಳಿದ್ರೆ ಇಬ್ಬರೂ ಉಳೀತೀವಿ."

ಆಗ ಜನ ಒಡೆದರು. ಯಾರದೋ ಮುಷ್ಟಿ ತೂಸಾನ್‌ನ ಬಾಯಿಗೆ ಬಿತ್ತು, ಇನ್ನೊಬ್ಬ ಕೂದಲು ಹಿಡಿದು ತಲೆಯನ್ನು ಕಂಬಕ್ಕೆ ಅಪ್ಪಳಿಸಿದ. ಮದುವೆಯಾಗದ ಹುಡುಗರು, ರೌಲಿನ್‌ನ ಜೊತೆ ಆಡಿದವರು, ಕೆಳಗೆ ಕೆಡವಿ ಬೂಟುಗಾಲಲ್ಲಿ ಒದ್ದರು. ಇಜಾಬೋ ಅವನ ಮೇಲೆ ಬಿದ್ದು ಅಡ್ಡವಾದಳು, ಅವಳಿಗೂ ಬಿತ್ತು. ಕೊತ್ವಾಲನ ಆಳುಗಳು ನುಗ್ಗಿ ಬಂದು ದೊಣ್ಣೆಯಿಂದ ಎಲ್ಲರನ್ನೂ ಬಡಿದು ಚದುರಿಸಿದರು. ತೂಸಾನ್‌ನ ಕೊರಳಿಗೆ ಹಗ್ಗ ಹಾಕಿ, ತುದಿಯನ್ನು ಕೈಗೆ ಸುತ್ತಿಕೊಂಡು ಅವನನ್ನು ಮಂಡಿಯ ಮೇಲೆ ನಿಲ್ಲಿಸಿದರು.

"ಪೆಟ್ಟಿಗೆ ಮೂರು ಸಲ ಎದ್ರೆ ಹಗ್ಗ ಬಿಚ್ತೀವಿ. ಇಲ್ದಿದ್ರೆ ಹೊರಗೆ ಎರಡು ಕಂಬ ಇವೆ," ಎಂದ ಕೊತ್ವಾಲ. ಖುಷಿಯಾಗಿದ್ದ ಅವನು.

ನಾನು ತೂಸಾನ್‌ನ ಮುಂದೆ ಹೋಗಿ ನಿಂತೆ. ಚೂರಿ ಯಾವಾಗ ಕೈಗೆ ಬಂತೋ ಗೊತ್ತಿಲ್ಲ. ಕೈಯಲ್ಲಿತ್ತು.

"ಹೌದೇನೋ?"

ಅವನ ಬಾಯಿಂದ ರಕ್ತ ಸುರಿಯುತ್ತಿತ್ತು. "ಚೆಂಡಿಗೋಸ್ಕರ ಹಿಡ್ದಿದ್ದೆ ಅವ್ವಾ."

"ಚೆಂಡು ಹೋದ ಮೇಲೆ?"

ಅವನು ಒಮ್ಮೆಗೇ ಕಟ್ಟೆ ಒಡೆದಂತೆ ಕಿರುಚಿದ. "ನನ್ನ ಮದುವೆ ದಿನ ರೌಲಿನ್ ಇಜಾಬೋ ಮುಂದೇನೇ ನನ್ನ ಎರಡು ಹಲ್ಲು ಉದುರಿಸ್ದ! ತಮಾಷೆಗೆ! ಊರೆಲ್ಲ ನಕ್ತು. ನೀನೂ ಹೊಟ್ಟೆ ಹಿಡ್ಕೊಂಡು ನಕ್ಕೆ ಅವ್ವಾ, ನಾ ನೋಡ್ದೆ! ಹುಟ್ಟಿದಾಗಿಂದ ಅವನ ಕೈಲಿ ಏಟು ತಿಂದಿದ್ದೀನಿ. ಒಂದಿನ, ಒಂದೇ ಒಂದಿನ, ಅವನು ತಿನ್ಲಿ ಅನ್ನಿಸ್ತು. ಸಾಯ್ತಾನೆ ಅಂತ ಅಂದ್ಕೊಂಡಿರ್ಲಿಲ್ಲ. ಅವನು ಸಾಯೋ ಜಾತಿ ಅಲ್ಲ ಅಂದ್ಕೊಂಡಿದ್ದೆ."

ಅವನನ್ನು ಅಲ್ಲೇ ಸೀಳಿಬಿಡಬೇಕೆನಿಸಿತು. ಅವನನ್ನು ಮಡಿಲಿಗೆ ಹಾಕಿಕೊಂಡು ಬಾಯಿ ಒರೆಸಬೇಕೆಂದೂ ಅನಿಸಿತು. ಎರಡೂ ಒಂದೇ ಹೊತ್ತಿನಲ್ಲಿ, ಒಂದೇ ಕೈಗೆ. ಇಂಥದ್ದು ಯಾವ ತಾಯಿಗೂ ಬೇಡ, ನನ್ನ ಶತ್ರುವಿಗೂ ಬೇಡ.

"ಎತ್ತು," ಎಂದ ಹಿರಿಯ ಪಾದ್ರಿ ಮಾಹಿಯೆಗೆ.

ಪೆಟ್ಟಿಗೆಗೆ ಎರಡು ಕಂಬಿಗಳಿವೆ. ಅವುಗಳ ನಡುವೆ ತಲೆ ತೂರಿಸಿ, ಹೆಗಲು ಕೊಟ್ಟು ಏಳಬೇಕು. ಮಾಹಿಯೆ ಕಲ್ಲು ನೆಲಕ್ಕೆ ಮುಷ್ಟಿ ಊರಿದ. ಕತ್ತಿನ ನರ ಉಬ್ಬಿ, ಮುಖ ಕಪ್ಪಿಟ್ಟಿತು. ಮುರಿದ ಕಾಲುಗಳ ಮೇಲೆ ಎದ್ದ. ಪೆಟ್ಟಿಗೆ ನೆಲ ಬಿಟ್ಟಿತು. ಜನ ಒಂದು ಉಸಿರು ಬಿಟ್ಟರು. ಮತ್ತೆ ಕೆಳಗೆ ಬಂತು.

ಎರಡನೆಯ ಸಲ ಎದ್ದಾಗ ಅವನ ಎಡಗಾಲಿನಿಂದ ಒಂದು ಸದ್ದು ಬಂತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು, ಕೀಲಿನಲ್ಲಿ ಮೂಳೆ ಮುರಿಯುವ ಸದ್ದು. ಪೆಟ್ಟಿಗೆ ಮೇಲಿತ್ತು, ಎಣಿಕೆಯಾಯಿತು. ಆದರೆ ಇಳಿಸುವಾಗ ಅವನು ಅದರ ಕೆಳಗೇ ಕುಸಿದ. ಸುತ್ತಿದ ಬಟ್ಟೆಯನ್ನು ತೂರಿಕೊಂಡು ಬಿಳಿಯದೊಂದು ಚೂರು ಹೊರಬಂದಿತ್ತು. ಬಲಿಪೀಠದ ಮೆಟ್ಟಿಲಿನ ಮೇಲೆ ರಕ್ತ ಸಣ್ಣಗೆ ಹರಿಯತೊಡಗಿತು.

ಮೂರನೆಯ ಸಲ ಅವನು ಕಂಬಿ ಹಿಡಿದು ನಡುಗಿದನೇ ಹೊರತು ಮೇಲೇಳಲಿಲ್ಲ. ಮತ್ತೆ ಪ್ರಯತ್ನಿಸಿದ. ನಾಯಿಯ ಹಾಗೆ ಕೂಗಿದ. ಏಳಲಿಲ್ಲ.

"ಸಾಕು ಸ್ವಾಮಿ, ಎಷ್ಟೊತ್ತು ಈ ನಾಟಕ?" ಎಂದ ಕೊತ್ವಾಲ. ಅವನ ಆಳು ಹಗ್ಗ ಜಗ್ಗಿದ. ತೂಸಾನ್ ಹಿಂದಕ್ಕೆ ವಾಲಿ ಬಿದ್ದ. ಎರಡು ಕೈಯಿಂದ ಕೊರಳನ್ನು ಹಿಡಿದುಕೊಂಡ, ಮುಖ ಉಬ್ಬಿತು.

ಹಿರಿಯ ಪಾದ್ರಿ ಜನರತ್ತ ತಿರುಗಿದ. ಪದ್ಧತಿಯ ಪ್ರಕಾರ ಒಂದು ಮಾತು ಕೇಳಬೇಕು, ಕೇಳಿದ. ಉತ್ತರ ಬರುತ್ತದೆ ಎಂದು ಅವನೂ ಎಣಿಸಿರಲಿಲ್ಲ. "ಸತ್ತವನ ಮನೆಯವರು ಯಾರಾದ್ರೂ ಹೆಗಲು ಕೊಡ್ತೀರಾ?"

ಇಜಾಬೋ ಓಡಿದಳು. ಪಾದ್ರಿ ತಡೆದ. ಸತ್ತವನ ರಕ್ತವೇ ಆಗಬೇಕು, ಸೊಸೆಯದು ನಡೆಯುವುದಿಲ್ಲ. ಅವಳು ಅಲ್ಲಿಂದಲೇ ನನ್ನ ಕಡೆ ತಿರುಗಿ ಕೈಮುಗಿದಳು. "ಅತ್ತೆ! ನಿಮ್ಮ ಕಾಲಿಗೆ ಬೀಳ್ತೀನಿ ಅತ್ತೆ! ಇನ್ನೊಬ್ಬನೂ ಹೋಗ್ತಾನೆ!"

ರೌಲಿನ್‌ನ ಗೆಳೆಯರು ಇನ್ನೊಂದು ಕಡೆಯಿಂದ ಕೂಗಿದರು. "ಬಿಡು ಪೆರೀನಕ್ಕಾ! ಇಬ್ಬರೂ ನೇತಾಡ್ಲಿ! ರೌಲಿನ್‌ಗೋಸ್ಕರ!"

ಹೌದು, ರೌಲಿನ್‌ಗೋಸ್ಕರ. ನಾನು ಬಂದದ್ದೇ ಅದಕ್ಕೆ. ಚೂರಿಗೆ ಕೆಲಸ ಕೊಡುವ ಅಗತ್ಯವೂ ಇರಲಿಲ್ಲ. ಸುಮ್ಮನೆ ನಿಂತರೆ ಸಾಕು, ಕೊಂದವನೂ ಹೋಗುತ್ತಾನೆ, ಹಿಡಿದವನೂ ಹೋಗುತ್ತಾನೆ. ನ್ಯಾಯ ಅಂದರೆ ಅದೇ. ಆದರೆ ಹಗ್ಗದ ಕೆಳಗೆ ತೂಸಾನ್‌ನ ಹಿಮ್ಮಡಿಗಳು ನೆಲವನ್ನು ಒದೆಯುತ್ತಿದ್ದವು. ಅವನು ಹುಟ್ಟಿದಾಗ ಮೊದಲು ಹೊರಗೆ ಬಂದದ್ದು ಆ ಕಾಲುಗಳೇ. ತಿರುಗಿ ಹುಟ್ಟಿದ ಕೂಸು, ಎರಡು ದಿನ ನನ್ನನ್ನು ಸಾವಿನ ಬಾಯಲ್ಲಿ ಇಟ್ಟಿದ್ದ. ಆವತ್ತೂ ಬೈದಿದ್ದೆ ಅವನನ್ನು. ಬೈಯುತ್ತಲೇ ಹೆತ್ತಿದ್ದೆ.

ಚೂರಿಯನ್ನು ನೆಲಕ್ಕೆಸೆದೆ. ಕೊತ್ವಾಲನ ಆಳೊಬ್ಬ ಅದನ್ನು ಒದ್ದು ದೂರ ಸರಿಸಿ, ಬಾಯಿ ಕಳೆದು ನನ್ನನ್ನು ನೋಡಿದ.

ಕಂಬಿಗಳ ನಡುವೆ ಬಗ್ಗಿ ಕೂತೆ. ಮಾಹಿಯೆಯ ಕೆನ್ನೆ ನನ್ನ ಕೆನ್ನೆಗೆ ತಾಗಿತು. ಜ್ವರದ ಬಿಸಿ, ಸೆರೆಮನೆಯ ನಾತ. ಅವನು ಅಳುತ್ತಿದ್ದ.

"ಚಿಕ್ಕಮ್ಮಾ," ಎಂದ. ಚಿಕ್ಕಂದಿನಲ್ಲಿ ನನ್ನ ಅಂಗಡಿಗೆ ಬಂದು ಕರಿದ ಕೊಬ್ಬಿನ ಚೂರು ಬೇಡುವಾಗ ಹಾಗೇ ಕರೆಯುತ್ತಿದ್ದ. "ಪಾದ್ರಿ ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಕೊನೇಲಿ ಅವನು ಮಾತಾಡ್ದ."

"ಯಾರು?"

"ರೌಲಿನ್. ಯಾರು ಹಿಡ್ಕೊಂಡಿದ್ದಾರೆ ಅಂತ ಅವನಿಗೆ ಗೊತ್ತಿತ್ತು. 'ಅಣ್ಣಾ, ಸಾಕು' ಅಂದ. ಎರಡು ಸಲ ಅಂದ."

ನನ್ನ ಜನ್ಮದಲ್ಲಿ ಎಂದೂ ಸಾಕು ಎನ್ನದವನು ರೌಲಿನ್. ಊಟಕ್ಕೂ ಅನ್ನಲಿಲ್ಲ, ಕುಡಿತಕ್ಕೂ ಅನ್ನಲಿಲ್ಲ, ಜಗಳಕ್ಕೂ ಅನ್ನಲಿಲ್ಲ. ಅಲ್ಲೇ, ಆ ಸಂತನ ಕೆಳಗೆ, ಎದ್ದು ಹೊರಗೆ ಹೋಗಿಬಿಡಬಹುದಾಗಿತ್ತು. ಯಾರೂ ನನ್ನನ್ನು ದೂರುತ್ತಿರಲಿಲ್ಲ.

"ಬಾಯಿ ಮುಚ್ಕೊಂಡು ಏಳೋ, ಸೂಳೆಮಗನೆ," ಎಂದೆ.

ಇಬ್ಬರೂ ಎದ್ದೆವು. ಭಾರವೆಲ್ಲ ನನ್ನ ಬೆನ್ನ ಮೇಲೆಯೇ ಬಂತು. ಅವನು ನನ್ನ ಕುತ್ತಿಗೆಗೆ ಜೋತುಬಿದ್ದಿದ್ದ ಅಷ್ಟೆ. ಕಂಬಿ ಹೆಗಲಿನ ಚರ್ಮ ಸುಲಿಯಿತು. ಪೂರ್ತಿ ನಿಂತೆ. ಹಿರಿಯ ಪಾದ್ರಿ ಬಗ್ಗಿ ಪೆಟ್ಟಿಗೆಯ ಅಡಿಯನ್ನು ನೋಡಿದ. "ಮೂರು," ಎಂದ ಕೊನೆಗೆ. ಮೇಲೆ ಗಂಟೆ ಹೊಡೆಯತೊಡಗಿತು. ಕೆಲವರು ಜಯಕಾರ ಹಾಕಿದರು, ಕೆಲವರು ನನ್ನ ಕಡೆಗೆ ಉಗುಳಿದರು. ರೌಲಿನ್‌ನ ಗೆಳೆಯನೊಬ್ಬ ಎಸೆದ ಮೇಣದಬತ್ತಿಯ ಕಂಬ ನನ್ನ ಹುಬ್ಬಿಗೆ ಬಡಿದು ರಕ್ತ ಬಂತು. ನಾನು ಅವನನ್ನು ಬೈಯಲಿಲ್ಲ.

ಮಾಹಿಯೆಯ ತಲೆಗೆ ಹೂವಿನ ಕಿರೀಟ ಇಟ್ಟು, ಕುರ್ಚಿಯಲ್ಲಿ ಹೊತ್ತುಕೊಂಡು ಹೋದರು. ಪ್ರಜ್ಞೆ ಇತ್ತೋ ಇಲ್ಲವೋ. ತೂಸಾನ್‌ನ ಕೊರಳಿನಿಂದ ಹಗ್ಗ ಬಿಚ್ಚಿದರು. ಅವನು ತೆವಳಿ ಬಂದು ನನ್ನ ಮೊಣಕಾಲು ತಬ್ಬಿಕೊಂಡ.

"ಅವ್ವಾ, ನನ್ನ ಉಳಿಸ್ದೆ ಅವ್ವಾ."

"ಒಂದು ಮಾತು ಕೇಳ್ತೀನಿ, ಹೇಳು. ಕೊನೇಲಿ ತಮ್ಮ ಏನಂದ?"

ಅವನು ತಲೆಯೆತ್ತಿದ. ನನ್ನ ಕಣ್ಣಲ್ಲಿ ಕಣ್ಣಿಟ್ಟೇ ಹೇಳಿದ. "ಏನೂ ಅನ್ಲಿಲ್ಲ. ಒಂದೇ ಏಟಿಗೆ ಹೋಗ್ಬಿಟ್ಟ. ಅವನಿಗೆ ನೋವೇ ಆಗ್ಲಿಲ್ಲ ಅವ್ವಾ."

ನನ್ನ ಮುಷ್ಟಿ ತಾನಾಗಿ ಮೇಲೆದ್ದಿತು. ಕೊತ್ವಾಲನ ಆಳು ಹಿಂದಿನಿಂದ ಮಣಿಕಟ್ಟು ಹಿಡಿದ. "ಬೇಡ ತಾಯಿ. ಸಂತ ಬಿಡಿಸಿದವನ ಮೇಲೆ ಇವತ್ತು ಕೈ ಮಾಡಿದ್ರೆ ನಿಮ್ಮನ್ನ ಒಳಗೆ ಹಾಕ್ಬೇಕಾಗ್ತದೆ."

"ಇವತ್ತು ಅಂದ್ರೆ?"

"ಹೊತ್ತು ಮುಳುಗೋ ತನಕ."

"ಸರಿ, ಕಾಯ್ತೀನಿ," ಎಂದೆ. ತೂಸಾನ್‌ಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ.

ಹೊರಗೆ ಬಂದು ಮೆಟ್ಟಿಲಿನ ಮೇಲೆ ಕೂತೆ. ಇಗರ್ಜಿಗೆ ಹಿಂಬದಿಯಲ್ಲೂ ಬಾಗಿಲಿದೆ, ನದಿಯ ಕಡೆಗೆ. ಅಲ್ಲಿಂದ ಹೋದರೆ ಸಂಜೆಯೊಳಗೆ ದೋಣಿ ಹಿಡಿದು ಯಾವ ಊರಿಗಾದರೂ ಹೋಗಬಹುದು. ಹೋಗಲಿ ಎಂದು ಅರ್ಧ ಮನಸ್ಸು ಬೇಡಿಕೊಳ್ಳುತ್ತಿತ್ತು. ಇಜಾಬೋ ಬಂದು ಸ್ವಲ್ಪ ದೂರದಲ್ಲಿ ಕೂತಳು. ಒಡೆದ ತುಟಿಯನ್ನು ತೋಳಿನ ಬಟ್ಟೆಯಿಂದ ಒತ್ತಿಕೊಂಡಳು. ದೆನೀಜ್ ಬುಟ್ಟಿ ಹೊತ್ತು ಮುಖ ತಿರುಗಿಸಿ ಹಾಯ್ದುಹೋದಳು. ಚೌಕ ಖಾಲಿಯಾಯಿತು. ಆಳುಗಳು ಬಂದು ಕಂಬಗಳಿಂದ ಹಗ್ಗ ಇಳಿಸಿಕೊಂಡು ಹೋದರು. ಬಿಸಿಲು ಮನೆಗಳ ಮಾಡಿನ ಮೇಲಕ್ಕೆ ಹತ್ತಿತು, ಅಲ್ಲಿಂದಲೂ ಹೋಯಿತು.

ಬಾಗಿಲು ಹಾಕುವವನು ಬೀಗದ ಕೈ ಅಲ್ಲಾಡಿಸಿಕೊಂಡು ಬರುವ ಹೊತ್ತಿಗೆ ತೂಸಾನ್ ಮುಂಬಾಗಿಲಿನಿಂದಲೇ ಹೊರಗೆ ಬಂದ. ಒಬ್ಬನೇ ಬಂದ. ನಾನು ಎದ್ದು ನಿಂತೆ. ಅವನು ನನಗಿಂತ ಒಂದು ಮೆಟ್ಟಿಲು ಕೆಳಗಿಳಿದು, ನನ್ನ ಕಡೆ ತಿರುಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"'ಅಣ್ಣಾ, ಸಾಕು' ಅಂದ," ಎಂದ. "ಎರಡು ಸಲ ಅಂದ. ನಂಗೆ ಕೇಳಿಸ್ತು. ಕೇಳಿಸಿದ್ರೂ ಹಿಡ್ಕೊಂಡೇ ಇದ್ದೆ ಅವ್ವಾ."

ಹೊಡೆದೆ. ನನ್ನ ಪೂರ್ತಿ ಬಲದಿಂದ, ಮುಷ್ಟಿ ಕಟ್ಟಿ, ಬಾಯಿಯ ಮೇಲೆ. ಅವನು ಉರುಳಿ ಮೆಟ್ಟಿಲ ಬುಡಕ್ಕೆ ಬಿದ್ದ. ಇಜಾಬೋ ಎದ್ದಳು, ಹತ್ತಿರ ಬರಲಿಲ್ಲ. ಅವನು ಅಂಗೈ ಊರಿ ಮೆಲ್ಲಗೆ ಎದ್ದ, ಒಂದೊಂದೇ ಮೆಟ್ಟಿಲು ಹತ್ತಿ ಬಂದು ಅದೇ ಜಾಗದಲ್ಲಿ ನಿಂತ. ಮುಖ ಎತ್ತಿ ಹಿಡಿದ. ಕೈಗಳನ್ನು ಮತ್ತೆ ಹಿಂದಕ್ಕೆ ಕಟ್ಟಿಕೊಂಡ.

ಮುಷ್ಟಿ ಎತ್ತಿದೆ. ಸಾಕು ಎನ್ನುತ್ತಾನೇನೋ ಎಂದು ಕಾದೆ. ಅವನು ಅನ್ನಲಿಲ್ಲ. ಅವನು ಅನ್ನುವುದಿಲ್ಲ ಎಂದು ಗೊತ್ತಾದ ಮೇಲೆ ನಾನೇ ಕೈ ಇಳಿಸಿದೆ.